ಐವತ್ತು ರೂಪಾಯಿಯ ಕ್ಯಾಲೆಂಡರಿನಲ್ಲಿ ಭೂಮಿ ಹುಣ್ಣಿಮೆ ಹುಡುಕಿದ್ದು

ಮೊನ್ನೆ ಎಳ್ಳಮಾವಾಸ್ಯೆ ಜಾತ್ರೆಗೆಂದು ತೀರ್ಥಹಳ್ಳಿಗೆ ಹೋದವರು ತುಂಗೆಯಲ್ಲಿ ಮಿಂದು, ರಾಮೇಶ್ವರನಿಗೆ ಕೈಮುಗಿದು, ಬರುವಾಗ 2026ರ ಕ್ಯಾಲೆಂಡರ್ ತಂದೆವು. ಸುರುಳಿ ಸುತ್ತಿ ರಬ್ಬರ್ ಹಾಕಿದ್ದು ಇನ್ನೂ ಬಿಚ್ಚಿಲ್ಲ. ಅಡುಗೆಮನೆಗೂ ಉಗ್ರಾಣಕ್ಕೂ ನಡುವಿನ ಗೋಡೆಯ ಮೊಳೆಯಲ್ಲಿ 2025ರದ್ದು ಇನ್ನೂ ತೂಗುತ್ತಿದೆ. ಒಂದು ವರ್ಷ ದಿನಕ್ಕೆ ಹತ್ತು ಸಲ ನೋಡಿದ ವಸ್ತು. ಮಿಕ್ಸಿ ಕೊಂಡವರು ಎರಡು ದಿನ ಚಟ್ನಿ ರುಬ್ಬಿ ವಿಮರ್ಶೆ ಬರೆಯುತ್ತಾರೆ. ನಾನು ಹನ್ನೆರಡು ಹಾಳೆಯನ್ನೂ ತಿರುವಿ ಮುಗಿಸಿ ಬರೆಯುತ್ತಿದ್ದೇನೆ.

ಮುದ್ರಿಸಿದವರ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಅಂಗಡಿಯಲ್ಲಿ ಸಾಲಾಗಿ ನೇತು ಹಾಕಿದ್ದ ಏಳೆಂಟನ್ನು ಮಗುಚಿ ನೋಡಿದ್ದೇನೆ, ಎಲ್ಲವೂ ಒಂದೇ ತಾಯಿಯ ಮಕ್ಕಳು. ಬೆಂಗಳೂರಿನಲ್ಲಿ ಅಚ್ಚಾದದ್ದು, ತಿಂಗಳಿಗೊಂದು ಹಾಳೆ, ಮುಂದೆ ದಿನಾಂಕ, ಹಿಂದೆ ಪಂಚಾಂಗ, ಬೆಲೆ ಐವತ್ತು ರೂಪಾಯಿ. ಪುಕ್ಕಟೆ ಸಿಗುವುದೂ ಉಂಟು. ಚಿನ್ನದಂಗಡಿಯವರು ಕೊಡುವುದರಲ್ಲಿ ಮುಕ್ಕಾಲು ಪಾಲು ಲಕ್ಷ್ಮಿಯ ಚಿತ್ರ, ಕೆಳಗೆ ಇರುವೆ ಸಾಲಿನಂತೆ ದಿನಾಂಕ. ಅದನ್ನು ಚಾವಡಿಯಲ್ಲಿ ಹಾಕುತ್ತೇವೆ, ಬಂದವರು ನೋಡಲಿ ಎಂದು. ಅಡುಗೆಮನೆಯದನ್ನು ಮಾತ್ರ ದುಡ್ಡು ಕೊಟ್ಟೇ ತರುವುದು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಹಸುವಿಗೆ ಇಂಜೆಕ್ಷನ್ ಮಾಡಿಸಿದ ದಿನ, ಆಳುಗಳ ಹಾಜರಿ, ಅಡಿಕೆಗೆ ಔಷಧಿ ಹೊಡೆದ ದಿನ, ಎಲ್ಲವೂ ಅದರ ಚೌಕಗಳಲ್ಲಿ.

ಅಲ್ಲಿಂದಲೇ ಮೊದಲ ದೂರು. ಕಾಗದ ವಿಪರೀತ ನುಣುಪು. ಕನ್ನಡಿಯಂತೆ ಹೊಳೆಯುತ್ತದೆ, ಬರೆಯಲು ಬಾರದು. ಬಾಲ್‌ಪೆನ್ ಜಾರುತ್ತದೆ, ಜೆಲ್ ಪೆನ್ನಿನ ಮಸಿ ಒಣಗುವುದಿಲ್ಲ, ಸೆರಗು ತಾಗಿದರೆ ಜನವರಿಯ ಹಾಲೆಲ್ಲ ಫೆಬ್ರವರಿಗೆ ಹರಿಯುತ್ತದೆ. ಸೀಸದ ಕಡ್ಡಿ ಒಂದೇ ಗತಿ. ಇನ್ನು ಮಲೆನಾಡಿನ ಮಳೆಗಾಲವನ್ನು ಈ ಕ್ಯಾಲೆಂಡರ್ ಮಾಡಿದವರು ಕಂಡಿಲ್ಲ ಎಂಬುದಕ್ಕೆ ಮೇಲಿನ ತಗಡಿನ ಪಟ್ಟಿಯೇ ಸಾಕ್ಷಿ. ಜುಲೈ ಹೊತ್ತಿಗೆ ತುಕ್ಕು ಹಿಡಿದು ಗೋಡೆಯ ಸುಣ್ಣದ ಮೇಲೆ ಕೆಂಪು ಗೆರೆ ಎಳೆಯಿತು. ಆಗಸ್ಟ್ ಹಾಳೆ ಜುಲೈ ಹಾಳೆಗೆ ಅಂಟಿಕೊಂಡು, ಬಿಡಿಸುವಾಗ ವರಮಹಾಲಕ್ಷ್ಮಿಯ ಅರ್ಧ ಮುಖ ಕಿತ್ತು ಬಂತು. ಹಿಂಬದಿಯಲ್ಲಿ ಬೂಷ್ಟು. ಒಲೆಯ ಹತ್ತಿರ ತೂಗಿದರೆ ಹೊಗೆ, ದೂರ ತೂಗಿದರೆ ಶೀತ. ನಾವು ಹೊಗೆಯನ್ನೇ ಆರಿಸಿಕೊಂಡೆವು.

ಒಳ್ಳೆಯದನ್ನೂ ಹೇಳಬೇಕು. ಹುಣ್ಣಿಮೆ, ಅಮಾವಾಸ್ಯೆಯ ಗುರುತನ್ನು ಬಟ್ಟಲಿನಷ್ಟು ದೊಡ್ಡದಾಗಿ ಹಾಕಿದ್ದಾರೆ, ಕನ್ನಡಕವಿಲ್ಲದೆ ಕಾಣುತ್ತದೆ. ಇದು ಸಣ್ಣ ಸಂಗತಿಯಲ್ಲ. ನಮ್ಮ ಕೇರಿಯಲ್ಲಿ ಹಣಗೆರೆಕಟ್ಟೆಗೆ ಹರಕೆ ಒಪ್ಪಿಸಲು ಹೋಗುವವರು ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಂಡೇ ಹೊರಡುವುದು. ದರ್ಗಾ, ಭೂತರಾಯ, ಚೌಡೇಶ್ವರಿ ಮೂರೂ ಒಂದೇ ಸೂರಿನಡಿ ಇರುವ ಜಾಗ ಅದು, ಹೋಗುವವರಲ್ಲಿ ಯಾವ ಮತದವರೂ ಇರುತ್ತಾರೆ. ಹೊರಡುವ ಮುನ್ನ ಹಿತ್ತಿಲ ಬಾಗಿಲಲ್ಲಿ ನಿಂತು, "ಅಕ್ಕ, ಅಮಾವಾಸ್ಯೆ ಇವತ್ತೋ ನಾಳೆಯೋ" ಎಂದು ಕೇಳುತ್ತಾರೆ. ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ ಕತ್ತು ತಿರುಗಿಸಿ ಹೇಳುತ್ತೇನೆ. ತಿಥಿ ಎಷ್ಟು ಗಂಟೆಯವರೆಗೆ ಎಂಬುದನ್ನೂ ಪ್ರತಿ ಚೌಕದ ಮೂಲೆಯಲ್ಲಿ ಅಚ್ಚು ಹಾಕಿದ್ದಾರೆ, ಅದಕ್ಕೂ ಅಂಕ ಕೊಡುತ್ತೇನೆ.

ಆ ಗಂಟೆಗಳಿಂದಲೇ ಈ ವರ್ಷದ ದೀಪಾವಳಿಯಲ್ಲಿ ಜಗಳವೂ ಆಯಿತೆನ್ನಿ. ಅಮಾವಾಸ್ಯೆ ಅಕ್ಟೋಬರ್ 20ರ ಮಧ್ಯಾಹ್ನ ಮೂರೂ ಮುಕ್ಕಾಲರ ಹೊತ್ತಿಗೆ ಹುಟ್ಟಿ, 21ರ ಸಂಜೆ ಆರಕ್ಕೆ ಐದಾರು ನಿಮಿಷ ಇರುವಾಗ ಮುಗಿಯಿತು. ಲಕ್ಷ್ಮೀಪೂಜೆ ಸಂಜೆಯ ಪೂಜೆ. ಇಪ್ಪತ್ತರ ರಾತ್ರಿ ಅಮಾವಾಸ್ಯೆ ಇದೆ, ಇಪ್ಪತ್ತೊಂದರ ರಾತ್ರಿ ಇಲ್ಲ, ಆದರೆ ಇಪ್ಪತ್ತೊಂದರ ಸೂರ್ಯೋದಯಕ್ಕೆ ಇದೆ. ಕ್ಯಾಲೆಂಡರ್ 21 ಎಂದಿತು. ಪೇಟೆಯ ಅಂಗಡಿಗಳಲ್ಲಿ ಕೆಲವರು 20ರಂದೇ ಪೂಜೆ ಮುಗಿಸಿದರು. ಯಜಮಾನರು ಚೌಕದ ಮೂಲೆ ತೋರಿಸಿ, "ಸೂರ್ಯ ಮುಳುಗುವುದಕ್ಕೂ ಅಮಾವಾಸ್ಯೆ ಮುಗಿಯುವುದಕ್ಕೂ ಸರಿಹೋಯಿತಲ್ಲ" ಎಂದರು. ಬೆಂಗಳೂರಿನಲ್ಲಿ ಸರಿಹೋಗಿರಬಹುದು. ನಾವಿರುವುದು ಹೊಸನಗರದ ಕಡೆ, ಅಲ್ಲಿಂದ ಸಾಕಷ್ಟು ಪಡುವಣಕ್ಕೆ. ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷ ಎಂದು ಶಾಲೆಯಲ್ಲಿ ಕಲಿತದ್ದು ನೆನಪಿದೆ. ಶಿವಮೊಗ್ಗದಲ್ಲಿ ಬೆಂಗಳೂರಿಗಿಂತ ಎಂಟು ನಿಮಿಷ ತಡವಾಗಿ ಬೆಳಗಾಗುತ್ತದೆ, ನಮ್ಮಲ್ಲಿ ಹತ್ತು ನಿಮಿಷ. ಕ್ಯಾಲೆಂಡರಿನ ಸೂರ್ಯೋದಯ ನಮ್ಮ ಗುಡ್ಡದ ಸೂರ್ಯೋದಯವಲ್ಲ. ಇದನ್ನು ಹೇಳಿದ್ದಕ್ಕೆ ಯಜಮಾನರು, "ಹಾಗಾದರೆ ನೀನೇ ಒಂದು ಪಂಚಾಂಗ ಬರೆ" ಎಂದರು. ನಾವು ಹೀಗೆ ವಾದ ಮಾಡುತ್ತ ಕೂತಿರುವಾಗಲೇ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಅಂಗಳಕ್ಕೆ ಬಂದರು. ಅವರಿಗೆ ತಿಥಿಯ ತಗಾದೆ ಇರಲಿಲ್ಲ, ಹಣತೆಗೆ ಎಣ್ಣೆ ಬೇಕಿತ್ತು. ಎರೆದೆವು. ಗೋಪೂಜೆ 22ಕ್ಕೆ ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ನಮ್ಮಲ್ಲಿ ದೊಡ್ಡ ಹಬ್ಬವೆಂದರೆ ಅದೇ. ಕೊರಳಿಗೆ ಅಡಿಕೆ ಸರ, ಚೆಂಡು ಹೂವಿನ ಮಾಲೆ ಹಾಕಿಸಿಕೊಂಡ ಹಸುಗಳು ಪಕ್ಕದ ಹಸುವಿನ ಮಾಲೆ ತಿನ್ನುವುದರಲ್ಲಿ ಮಗ್ನವಾಗಿದ್ದವು.

ಈಗ ಕೆಂಪಕ್ಷರಕ್ಕೆ ಬರುತ್ತೇನೆ. ನನ್ನ ದೊಡ್ಡ ತಕರಾರು ಇರುವುದು ಅಲ್ಲಿ.

ಅಕ್ಟೋಬರ್ 7, ಮಂಗಳವಾರ. ಚೌಕ ಕೆಂಪಾಗಿದೆ, ವಾಲ್ಮೀಕಿ ಜಯಂತಿ ಎಂದಿದೆ, ಸರಕಾರಿ ರಜೆ. ಸರಿ, ಆಶ್ವಯುಜದ ಹುಣ್ಣಿಮೆ ವಾಲ್ಮೀಕಿಯದೇ, ಇರಲಿ. ಆದರೆ ಅದೇ ಹುಣ್ಣಿಮೆ ಭೂಮಿ ಹುಣ್ಣಿಮೆ. ಕೆಲವರು ಸೀಗೆ ಹುಣ್ಣಿಮೆ ಎನ್ನುತ್ತಾರೆ. ಶಿವಮೊಗ್ಗ ಜಿಲ್ಲೆಯಲ್ಲಿ ಗದ್ದೆ ಇರುವ ಯಾವ ಮನೆಯೂ ಆ ದಿನ ಸುಮ್ಮನಿರುವುದಿಲ್ಲ. ಚೌಕದಲ್ಲಿ ಅದರ ಸುಳಿವೇ ಇಲ್ಲ. ಹಾಳೆ ಎತ್ತಿ ಹಿಂಬದಿಯ ಸಣ್ಣಕ್ಷರದಲ್ಲಿ ಬೆರಳಿಟ್ಟು ಹುಡುಕಿದೆ. ಗೃಹಪ್ರವೇಶದ ಮುಹೂರ್ತ ಇತ್ತು, ಹಲ್ಲಿ ಮೈಮೇಲೆ ಬಿದ್ದರೆ ಏನು ಫಲವೆಂದು ಇತ್ತು, ಭೂಮಿ ಹುಣ್ಣಿಮೆ ಇರಲಿಲ್ಲ. ಬೆಂಗಳೂರಿನ ಕರಗ ಏಪ್ರಿಲ್‌ನಲ್ಲಿದೆ, ಬಸವನಗುಡಿಯ ಕಡಲೆಕಾಯಿ ಪರಿಷೆ ನವೆಂಬರ್‌ನಲ್ಲಿದೆ. ಅವು ಇರಬೇಕಾದವೇ. ನಮ್ಮದನ್ನು ಬಿಟ್ಟದ್ದಕ್ಕೆ ಹೇಳುತ್ತಿದ್ದೇನೆ.

ಈ ಹಬ್ಬವನ್ನು ಕಾಣದವರಿಗೆ ಒಂದು ಮಾತು. ಆ ಹೊತ್ತಿಗೆ ಗದ್ದೆ ಹೊಡೆಯಾಗಿರುತ್ತದೆ, ಅಂದರೆ ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ದಂಟಿನ ಒಳಗೆ ತುಂಬಿಕೊಂಡಿರುತ್ತದೆ. ಭತ್ತ ಬಸುರಿ. ಬಸುರಿಗೆ ಬಯಕೆ ತೀರಿಸುವ ಹಬ್ಬ ಇದು. ವಿಜಯದಶಮಿ ಕಳೆದ ಮರುದಿನವೇ ಅತ್ತೆ ಬಿದಿರಿನ ಎರಡು ಬುಟ್ಟಿಗಳನ್ನು ಇಳಿಸುತ್ತಿದ್ದರು, ದೊಡ್ಡದೊಂದು, ಸಣ್ಣದೊಂದು. ಸೆಗಣಿ ಬಳಿದು, ಒಣಗಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಪುಂಡಿನಾರಿನ ಕುಂಚವನ್ನು ಹಲ್ಲಿನಲ್ಲಿ ಕಚ್ಚಿ ತುದಿ ಚೂಪು ಮಾಡಿಕೊಳ್ಳುವುದು, ಬುಟ್ಟಿಯನ್ನು ಮಡಿಲಲ್ಲಿ ಇಟ್ಟು ತಿರುಗಿಸುತ್ತ ಗೆರೆ ಎಳೆಯುವುದು. ಕುಂಚ ತಿರುಗುತ್ತಿರಲಿಲ್ಲ, ಬುಟ್ಟಿ ತಿರುಗುತ್ತಿತ್ತು. ನನ್ನ ಗೆರೆ ಮೊದಲ ವರ್ಷ ಎರೆಹುಳುವಿನಂತೆ ಬಂತೆಂದು ಅತ್ತೆ ನಕ್ಕಿದ್ದರು. ಈಗಲೂ ಅವರಷ್ಟು ನೇರವಿಲ್ಲ. ಭೂಮಣ್ಣಿ ಬುಟ್ಟಿ ಎಂದರೆ ಇದು. ಈ ಸಲ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂದು, ನಡುವೆ ನಾಲ್ಕೇ ದಿನ ಸಿಕ್ಕಿತು, ಸಣ್ಣ ಬುಟ್ಟಿಯ ಒಂದು ಮಗ್ಗುಲು ಹಾಗೇ ಉಳಿಯಿತು. (ಗಾಂಧಿ ಜಯಂತಿಯೂ ಅದೇ ದಿನ ಬಿದ್ದು ಎರಡು ರಜೆ ಒಂದಾಯಿತೆಂದು ಮಗಳಿಗೆ ವರ್ಷವಿಡೀ ದುಃಖ. ಜನವರಿಯಲ್ಲೇ ಅದನ್ನು ಕಂಡುಹಿಡಿದು ಚೌಕದ ಪಕ್ಕ ಅಳುವ ಮುಖ ಬರೆದಿದ್ದಳು.)

ಹಿಂದಿನ ರಾತ್ರಿ ನಿದ್ದೆ ಇಲ್ಲ. ಹಾಗಲಕಾಯಿ, ಅಮಟೆಕಾಯಿ, ಹರಿವೆ, ಬೇಲಿಯ ಹೀರೆ, ಗುಡ್ಡದಿಂದ ತಂದ ಬಗೆಬಗೆಯ ಕುಡಿ, ಎಲ್ಲ ಸೊಪ್ಪನ್ನೂ ಬೆರೆಸಿ ಬೇಯಿಸಿ ಅನ್ನದೊಂದಿಗೆ ಕಲಸಿದ ಹಚ್ಚಂಬಲಿ. ಜೊತೆಗೆ ಕಡುಬು. ಬೆಳಕು ಹರಿಯುವ ಮೊದಲು ಗಂಡಸರು ದೊಂದಿ ಹಿಡಿದು ಗದ್ದೆಗೂ ತೋಟಕ್ಕೂ ಹಚ್ಚಂಬಲಿ ಬೀರಿ ಬರುತ್ತಾರೆ, ಭೂಮಿತಾಯಿಯನ್ನು ಉಣ್ಣಲು ಕೂಗಿ ಕರೆಯುತ್ತಾರೆ. ಆಮೇಲೆ ಮನೆಯವರೆಲ್ಲ ಗದ್ದೆಯ ಅಂಚಿಗೆ. ಅತ್ತೆ ಕೊರಳಿನ ಸರ ತೆಗೆದು ಭತ್ತದ ಬುಡಕ್ಕೆ ಹಾಕಿ ಪೂಜೆ ಮಾಡುತ್ತಿದ್ದರು, ಈಗ ನಾನು ಹಾಕುತ್ತೇನೆ, ಪೂಜೆ ಮುಗಿಯುವವರೆಗೂ ಅದರ ಮೇಲೆ ಒಂದು ಕಣ್ಣು ಇಟ್ಟಿರುತ್ತೇನೆ. ಕಾಗೆಗೊಂದು ಎಡೆ, ಇಲಿಗೊಂದು ಎಡೆ, ಒಂದು ಎಡೆ ಮಣ್ಣಿನಲ್ಲಿ ಹೂತು, ನಾವು ಅಲ್ಲೇ ಬಾಳೆಲೆ ಹಾಸಿ ಕೂತು ಉಣ್ಣುವುದು. ಇಲಿಗೇಕೆ ಎಂದು ಮಗಳು ಕೇಳಿದ್ದಳು. ವರ್ಷವೆಲ್ಲ ಕದ್ದು ತಿನ್ನುತ್ತದೆ, ಒಂದು ದಿನ ಕರೆದು ಬಡಿಸೋಣ ಎಂದಿದ್ದರು ಅವಳ ಅಜ್ಜಿ.

ಇಷ್ಟೆಲ್ಲ ನಡೆಯುವ ದಿನ ಕ್ಯಾಲೆಂಡರಿನಲ್ಲಿ ಖಾಲಿ. ಅತ್ತೆ ಇದ್ದಾಗ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಅವರಿಗೆ ಓದು ಬರುತ್ತಿರಲಿಲ್ಲ. ರಾತ್ರಿ ಅಂಗಳದಲ್ಲಿ ನಿಂತು ಚಂದ್ರನನ್ನು ನೋಡಿ, "ಇನ್ನು ಆರು ದಿನ" ಎನ್ನುತ್ತಿದ್ದರು, ತಪ್ಪುತ್ತಿರಲಿಲ್ಲ. ಅವರು ಹೋದ ಮೇಲೆ ಆ ಕೆಲಸಕ್ಕೆ ಕ್ಯಾಲೆಂಡರನ್ನು ನಂಬಿದೆ. ಮಗಳು ಅದನ್ನೇ ನೋಡಿ ಬೆಳೆದವಳು, ಶಾಲೆಯ ಗೆಳತಿಗೆ "ನಾಳೆ ವಾಲ್ಮೀಕಿ ಜಯಂತಿ, ಅದಕ್ಕೇ ಕಡುಬು" ಎಂದು ಹೇಳುವುದು ಕೇಳಿಸಿತು.

ಇನ್ನೊಂದು ಕೊರತೆ ಮಳೆಯದು. ಹಬ್ಬಗಳು ಚಂದ್ರನ ಲೆಕ್ಕ, ಮಳೆ ಸೂರ್ಯನ ಲೆಕ್ಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ನಕ್ಷತ್ರದ ಹೆಸರೇ ಆ ಮಳೆಗೆ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರೆ, ಹೀಗೆ ಅಕ್ಟೋಬರ್ 24ರ ಹೊತ್ತಿಗೆ ಸ್ವಾತಿ. ವರ್ಷ ವರ್ಷಕ್ಕೆ ಒಂದು ದಿನ ಆಚೀಚೆ, ಅಷ್ಟೇ. ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ ಎಂದು ಗಾದೆಯೇ ಇದೆಯಲ್ಲ. ಗದ್ದೆ, ತೋಟ ಮಾಡುವವರಿಗೆ ಇದಕ್ಕಿಂತ ಬೇಕಾದದ್ದು ಯಾವುದು? ಈ ಪುಣ್ಯಾತ್ಮರು ಮಳೆ ನಕ್ಷತ್ರಗಳನ್ನು ಅಚ್ಚು ಹಾಕಿಲ್ಲವೆಂದಲ್ಲ, ಹಾಳೆಯ ಹಿಂಬದಿಯಲ್ಲಿ, ರಾಶಿಫಲದ ಕೆಳಗೆ, ಸಾಸಿವೆಯಂಥ ಅಕ್ಷರದಲ್ಲಿ ಹಾಕಿದ್ದಾರೆ. ಮೊಳೆಗೆ ತೂಗಿದ ಕ್ಯಾಲೆಂಡರಿನ ಹಿಂಬದಿ ಓದಬೇಕಾದರೆ ಅದನ್ನು ಇಳಿಸಬೇಕು, ಕೈ ತೊಳೆದು ಒರೆಸಿಕೊಳ್ಳಬೇಕು, ಕನ್ನಡಕ ಹುಡುಕಬೇಕು. ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ಈ ವರ್ಷವಂತೂ ಮಳೆ ಯಾರ ಲೆಕ್ಕಕ್ಕೂ ಸಿಗಲಿಲ್ಲ. ಮೇ 24ಕ್ಕೇ ಮುಂಗಾರು ಕೇರಳ ಹೊಕ್ಕಿತು, ರೋಹಿಣಿ ಹುಟ್ಟುವಾಗ ನಮ್ಮಲ್ಲಿ ಧೋ ಎನ್ನುತ್ತಿತ್ತು. ಅಡಿಕೆಯ ಕೊಳೆರೋಗಕ್ಕೆ ಮೊದಲ ಔಷಧಿ ಮಳೆಗೆ ಮುಂಚೆ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎಲ್ಲ ತಂದಿಟ್ಟಿದ್ದೆವು. ಜೂನ್ ಮೊದಲ ವಾರದ ಚೌಕದಲ್ಲಿ "ಔಷಧಿ" ಎಂದು ಬರೆದಿದ್ದೆ. ಅದರ ಮೇಲೆ ಮೂರು ಸಲ ಗೀಟು ಎಳೆದು ಮುಂದೆ ಬರೆದದ್ದು ಹಾಗೇ ಕಾಣುತ್ತದೆ. ಅದು ಕ್ಯಾಲೆಂಡರಿನ ತಪ್ಪಲ್ಲ, ಸುಮ್ಮನೆ ಹೇಳಿದೆ.

ತಪ್ಪು ಎನ್ನಬಹುದಾದ ಒಂದು ಇದೆ. ಎರಡನೇ ಶನಿವಾರ ಕೆಂಪು, ನಾಲ್ಕನೇ ಶನಿವಾರ ಕಪ್ಪು. ಬ್ಯಾಂಕಿಗೆ ಎರಡೂ ರಜೆ ಎಂದಾಗಿ ಹತ್ತು ವರ್ಷವಾಯಿತು. ಯಜಮಾನರು ಇದನ್ನು ನಂಬಿ ಒಂದು ಶನಿವಾರ ರಿಪ್ಪನ್‌ಪೇಟೆಗೆ ಹೋಗಿ, ಮುಚ್ಚಿದ ಬಾಗಿಲು ನೋಡಿ, ಮಸಾಲೆ ದೋಸೆ ತಿಂದು ಬಂದರು.

ಕ್ಯಾಲೆಂಡರ್ ನನಗೆ ನಿಜವಾಗಿ ಖುಷಿ ಕೊಟ್ಟ ಹಾಳೆ ಮಾರ್ಚ್‌ನದು. 30 ಭಾನುವಾರ ಯುಗಾದಿ, 31 ಸೋಮವಾರ ರಂಜಾನ್, ಅಕ್ಕಪಕ್ಕದ ಎರಡು ಕೆಂಪು ಚೌಕ. ರಂಜಾನ್ ಕೆಳಗೆ "ಚಂದ್ರದರ್ಶನದ ಮೇಲೆ" ಎಂದು ಸಣ್ಣದಾಗಿ ಬರೆದದ್ದು ಹಿಡಿಸಿತು, ಇಂಥ ಎಚ್ಚರ ಎಲ್ಲರೂ ಇಡುವುದಿಲ್ಲ. ಭಾನುವಾರ ಸಂಜೆ ಬೇವುಬೆಲ್ಲ ತಿಂದ ನಾವು ಚಂದ್ರನನ್ನು ನೋಡಲು ಅಂಗಳಕ್ಕೆ ಇಳಿದರೆ, ರವಿಕೆ ಹೊಲಿದು ಕೊಡುವ ಮನೆಯವರೆಲ್ಲ ಆಗಲೇ ರಸ್ತೆಯ ಏರಿನಲ್ಲಿ ನಿಂತಿದ್ದರು. ಉಗುರು ಕತ್ತರಿಸಿ ಎಸೆದಷ್ಟು ಚಂದ್ರ, ಅಡಿಕೆ ಮರದ ತಲೆಯ ಮೇಲೆ. ಅವರು ಮೊದಲು ಕಂಡು ನಮಗೆ ಬೆರಳು ತೋರಿಸಿದರು. ಅವರದು ಅಧಿಕ ಮಾಸವಿಲ್ಲದ ಚಾಂದ್ರಮಾನ, ಹಬ್ಬ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತಲೇ ಹೋಗುತ್ತದೆ. ನಾವು ಎರಡೂವರೆ ವರ್ಷಕ್ಕೊಮ್ಮೆ ಒಂದು ತಿಂಗಳು ಸೇರಿಸಿ ಜಗ್ಗಿ ನಿಲ್ಲಿಸುತ್ತೇವೆ.

ಆ ಜಗ್ಗುವಿಕೆ ಬರುವ ವರ್ಷವೇ ಇದೆ. ಹೊಸ ಕ್ಯಾಲೆಂಡರನ್ನು ಬಿಚ್ಚಿಲ್ಲ ಎಂದೆ, ಆದರೆ ಅಂಗಡಿಯಲ್ಲೇ ಮಗುಚಿ ನೋಡಿದ್ದೇನೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಆ ತಿಂಗಳಲ್ಲಿ ಮದುವೆ ಇಲ್ಲ, ಹಾಗಾಗಿ ಮೇ ಮೊದಲ ಎರಡು ವಾರದಲ್ಲೇ ಊರಿನ ಮದುವೆಗಳೆಲ್ಲ ಒಟ್ಟಿಗೆ ಬೀಳುತ್ತವೆ, ಅಡುಗೆಯವರನ್ನು ಈಗಲೇ ಹೇಳಿಟ್ಟುಕೊಳ್ಳುವುದು ಒಳ್ಳೆಯದು. ಈ ವರ್ಷ ಆಗಸ್ಟ್ 27ಕ್ಕೆ ಬಂದ ಗಣಪತಿ ಮುಂದಿನ ವರ್ಷ ಸೆಪ್ಟೆಂಬರ್ 14ಕ್ಕೆ ಬರುತ್ತಾನೆ. ಭೂಮಿ ಹುಣ್ಣಿಮೆಯೂ ಅಕ್ಟೋಬರ್ ಕೊನೆಯ ವಾರಕ್ಕೆ ಹೋಗುತ್ತದೆ. ಭತ್ತಕ್ಕೆ ಅಧಿಕ ಮಾಸ ತಿಳಿಯುವುದಿಲ್ಲ. ಅಷ್ಟು ಹೊತ್ತಿಗೆ ನಮ್ಮ ಗದ್ದೆಯಲ್ಲಿ ತೆನೆ ಹೊರಬಂದಿರುತ್ತದೆ, ಹೆತ್ತ ಮೇಲೆ ಬಯಕೆ ತೀರಿಸಿದ ಹಾಗೆ. ಇಂಥ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂದು ಅತ್ತೆಯನ್ನು ಕೇಳಿಟ್ಟುಕೊಳ್ಳಬೇಕಿತ್ತು.

ಹೊಸದರಲ್ಲೂ ಅಕ್ಟೋಬರ್ ಹಾಳೆಯಲ್ಲಿ ಭೂಮಿ ಹುಣ್ಣಿಮೆ ಇಲ್ಲ. ಸಾಗರದ ಮಾರಿಕಾಂಬಾ ಜಾತ್ರೆಯೂ ಇಲ್ಲ. ಮೂರು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ, 2023ರಲ್ಲಿ ಆಗಿದೆ, ಈಗ 2026ರ ಸರದಿ. ದಿನ ನಿಶ್ಚಯ ಆಗುವ ಮೊದಲೇ ಅಚ್ಚಿಗೆ ಹೋಗಿರಬಹುದು, ಅದನ್ನು ಮನ್ನಿಸುತ್ತೇನೆ. ಸಂಕ್ರಾಂತಿಗೆ ಬರುವ ಸಿಗಂದೂರು ಜಾತ್ರೆಗೆ ಆ ನೆಪವೂ ಇಲ್ಲ. ಅದು ಸೂರ್ಯನ ಹಬ್ಬ, ಜನವರಿ ನಡುವಿನಿಂದ ಅಲ್ಲಾಡುವುದಿಲ್ಲ. ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆಯೂ ಆಗಿದೆ, ಲಾಂಚಿಗೆ ಕಾಯುವ ಕೆಲಸವಿಲ್ಲ, ನಾವು ಈ ಸಲ ಹೋಗುವವರಿದ್ದೇವೆ.

ಐದಕ್ಕೆ ಮೂರು ಅಂಕ. ಹುಣ್ಣಿಮೆಯ ಬಟ್ಟಲಿಗೆ ಒಂದು, ತಿಥಿಯ ಗಂಟೆಗಳಿಗೆ ಒಂದು, ಚಂದ್ರದರ್ಶನದ ಎಚ್ಚರಕ್ಕೆ ಒಂದು. ಕೊಳ್ಳುವವರು ಅಂಗಡಿಯಲ್ಲೇ ಒಂದು ಮೂಲೆಯಲ್ಲಿ ಪೆನ್ನಿನಿಂದ ಗೀರಿ ನೋಡಿ, ಅಂಗಡಿಯವರು ಬೈದರೂ ಸರಿ. ಮೇಲೆ ತಗಡಿನ ಬದಲು ರಟ್ಟಿನ ಪಟ್ಟಿ ಇರುವುದು ಸಿಕ್ಕಿದರೆ ಬಿಡಬೇಡಿ.

ಜನವರಿ ಒಂದಕ್ಕೆ ಹೊಸದು ಮೊಳೆಗೇರುತ್ತದೆ. ಹಳೆಯ ಹಾಳೆಗಳನ್ನು ಪುಸ್ತಕಕ್ಕೆ ಬೈಂಡ್ ಹಾಕಲು ಮಗಳು ಕೇಳಿದ್ದಾಳೆ, ಈ ಕಾಗದ ಆ ಕೆಲಸಕ್ಕೆ ಚೆನ್ನ. ಮೇ ತಿಂಗಳದನ್ನು ಮಾತ್ರ ಕೊಟ್ಟಿಲ್ಲ. 20ರ ಚೌಕದಲ್ಲಿ ನಮ್ಮ ಹಸು ಕೆಂದಿಗೆ ಗಬ್ಬದ ಇಂಜೆಕ್ಷನ್ ಮಾಡಿಸಿದ್ದು ಬರೆದಿದೆ. ಒಂಬತ್ತು ತಿಂಗಳು ಒಂಬತ್ತು ದಿನ ಎಂದರೆ ಫೆಬ್ರವರಿ ಕೊನೆ. ಕರು ಹಾಕುವವರೆಗೆ ಆ ಹಾಳೆ ಹೊಸದರ ಹಿಂದೆ ಸಿಕ್ಕಿಸಿಕೊಂಡಿರಲಿ.